ತೊಟ್ಟಿಲ ಹೆಸರು, ಕಟ್ಟೆಯ ಹೆಸರು

ಧಾರವಾಡ, 14 ಜೂನ್ 2024, ಶುಕ್ರವಾರ

ಮುಂಗೋಪಿಗೆ ರುದ್ರಪ್ಪ, ಸಾಧುವಾದವಳಿಗೆ ಶಾಂತವ್ವ. ಕತೆಯಲ್ಲಿ ಹೀಗೆ ಹೆಸರಿಟ್ಟರೆ ಪಾತ್ರದ ಗುಟ್ಟು ಮೊದಲ ಪುಟದಲ್ಲೇ ಬಯಲು. ಆಮೇಲೆ ರುದ್ರಪ್ಪ ಎಷ್ಟು ಕೂಗಾಡಿದರೂ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ನಮ್ಮ ಕಡೆ ಹೆಸರಿಡುವುದು ತೊಟ್ಟಿಲಿಗೆ ಹಾಕಿದಾಗ. ಕೂಸಿನ ಸ್ವಭಾವ ಆಗ ಯಾರಿಗೆ ಗೊತ್ತು? ಅಜ್ಜನ ಹೆಸರು, ಮನೆದೇವರು, ಹರಕೆ, ಇಷ್ಟೇ ಲೆಕ್ಕಕ್ಕೆ ಬರುವುದು. ಹಾಗಾಗಿ ಹೆಸರು ಒಪ್ಪಬೇಕಾದದ್ದು ಪಾತ್ರದ ಗುಣಕ್ಕಲ್ಲ, ಅದು ಹುಟ್ಟಿದ ಮನೆಗೆ.

ಮೊದಲು ಹುಟ್ಟಿದ ಇಸವಿ, ತಾಲೂಕು, ನಡೆದುಕೊಳ್ಳುವ ದೇವರು ಬರೆದುಕೊಳ್ಳಬೇಕು. ಫಕೀರಪ್ಪ ಅಂದರೆ ಶಿರಹಟ್ಟಿಯ ಫಕೀರೇಶ್ವರ ಮಠದ ಕಡೆಯವನು, ಮಾಲತೇಶ ಅಂದರೆ ರಾಣೆಬೆನ್ನೂರು ಬದಿಯ ದೇವರಗುಡ್ಡದ ಭಕ್ತರ ಮನೆ. 1858ರ ನರಗುಂದ ಬಂಡಾಯದ ಕತೆಯಲ್ಲಿ ಸಿದ್ಧಾರೂಢನೆಂಬ ಮುದುಕನನ್ನು ತಂದರೆ ಎಡವಟ್ಟು. ಆ ಹೆಸರು ಯಾರಿಂದ ಬಂತೋ ಆ ಸಿದ್ಧಾರೂಢ ಸ್ವಾಮಿಗಳು ಹುಬ್ಬಳ್ಳಿಗೆ ಬಂದದ್ದೇ ಆಮೇಲೆ. ಅಡ್ಡಹೆಸರನ್ನೂ ಜೊತೆಗೇ ನೋಡಬೇಕು. ಹಿರೇಮಠರ ಮನೆಯ ಹಿರಿಯನಿಗೆ ಈರಪ್ಪ ಎಂದು ಬರೆದರೆ ಇಲ್ಲಿನವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಲಿಂಗಾಯತರ ಗುರುಗಳಾದ ಜಂಗಮರ ಮನೆ ಅದು, ಹೆಸರಿನ ಕೊನೆಗೆ ಅಯ್ಯ ಬಂದು ಈರಯ್ಯ ಆಗಬೇಕು. ಹಾಗೇ ಹಳ್ಳಿಯ ಮುದುಕಿ ನೀಲವ್ವ. ನೀಲಮ್ಮ ಅಂದರೆ ಕಿವಿಗೆ ಬೇರೆ ಸೀಮೆ ಕೇಳಿಸುತ್ತದೆ.

ಕೆಲವು ಹೆಸರುಗಳಲ್ಲಿ ಕತೆ ಆಗಲೇ ಅಡಗಿರುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಣ್ಣ ಎಂದು ಕರೆಯುತ್ತಿದ್ದರು. ಸಾಲಾಗಿ ಹೆಣ್ಣೇ ಹುಟ್ಟಿದಾಗ ಕೊನೆಯವಳು ಸಾಕವ್ವ. ತಿಪ್ಪಣ್ಣನ ಹೆಸರಿನ ಹಿಂದೆ ಮಣ್ಣಿಗೆ ಹೋದ ಅಣ್ಣಂದಿರಿದ್ದಾರೆ, ಸಾಕವ್ವನನ್ನು ಕರೆದಾಗಲೆಲ್ಲ ಬೇಡವೆಂಬ ಮಾತು ಕೇಳಿಸುತ್ತದೆ. ಇಂಥ ಹೆಸರನ್ನು ಬರೀ ಹಳ್ಳಿಯ ವಾಸನೆಗೆಂದು ಬಳಸಬಾರದು. ಅದು ಬಹಳ ನೋಯಿಸುವ ತಪ್ಪು.

ಹಾಗಾದರೆ ಗುಣ ತೋರಿಸುವುದು ಎಲ್ಲಿ? ಕರೆಯುವುದರಲ್ಲಿ. ಒಬ್ಬ ಬಸವರಾಜ ಪಾಟೀಲ ಅವ್ವನಿಗೆ ಬಸು, ಗೆಳೆಯರಿಗೆ ಬಸ್ಯಾ, ಕಿರಾಣಿ ಅಂಗಡಿಯಲ್ಲಿ ಬಸಣ್ಣಾರು, ಕಚೇರಿಯಲ್ಲಿ ಪಾಟೀಲ್ರು. ಪ್ರತಿ ಪಾತ್ರಕ್ಕೂ ಇಂಥ ನಾಲ್ಕೈದು ಕರೆಗಳನ್ನು, ಯಾರ ಬಾಯಿಂದ ಯಾವುದು ಎಂದು, ಬರೆದಿಟ್ಟುಕೊಂಡು ಜೋರಾಗಿ ಓದಿ ನೋಡಬೇಕು. ಬಸ್ಯಾ ಎನ್ನುತ್ತಿದ್ದ ಗೆಳೆಯ ಒಮ್ಮೆಲೇ ಬಸಣ್ಣಾ ಅಂದರೆ ಸಾಲ ಕೇಳಲು ಬಂದಿದ್ದಾನೆ ಎಂದು ಬಿಡಿಸಿ ಹೇಳುವುದೇ ಬೇಡ.

ಇದನ್ನು ಕಲಿಯಬೇಕಾದದ್ದು ಗದುಗಿನ ಕುಮಾರವ್ಯಾಸನಿಂದಲೇ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಲೆಂದು ರಥಕ್ಕೆ ಕರೆದು ಕೂರಿಸಿಕೊಳ್ಳುವಾಗ ಕವಿ ಅವನನ್ನು ‘ಇನತನೂಜ’ ಎನ್ನುತ್ತಾನೆ, ಸೂರ್ಯನ ಮಗ. ಕರ್ಣನಿಗಿಂತ ಮೊದಲು ನಮಗೆ ಅವನ ಕುಲ ಕೇಳಿಸುತ್ತದೆ. ರಾಧೇಯ ಎಂದಿದ್ದರೆ ಆ ಪದ್ಯ ಬೇರೆಯೇ ಆಗುತ್ತಿತ್ತು.

ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಾಗ ಒಂದೇ ಪುಟದಲ್ಲಿ ಇಬ್ಬರು ಬಸಪ್ಪಂದಿರು ಬಂದು ಓದುಗರು ತಬ್ಬಿಬ್ಬಾಗುತ್ತಾರೆ. ಇದಕ್ಕೆ ಪರಿಹಾರ ಮನೆಯ ರೂಢಿಯಲ್ಲೇ ಇದೆ: ಸೊಸೆ ಮಾವನ ಹೆಸರು ಹೇಳುವಂತಿಲ್ಲ, ಅದಕ್ಕೇ ಮಗನನ್ನು ಅಜ್ಜಪ್ಪ ಎಂದು ಕರೆಯುತ್ತಾಳೆ. ಅದೇ ಸೊಸೆ ಒಂದು ದಿನ, ಮಾವ ಪಡಸಾಲೆಯಲ್ಲಿ ಕೂತಿರುವಾಗಲೇ, ‘ಏ ಬಸ್ಯಾ, ಬಾರೋ ಇಲ್ಲೆ’ ಎಂದು ಮಗನನ್ನು ಕೂಗಿದರೆ, ಆ ಜಗಳಕ್ಕೆ ಬೇರೆ ಮಾತು ಬರೆಯಬೇಕಾಗಿಲ್ಲ.