ವರ್ಡನ್‌ಗೆ ಹೋಗುವ ಮುನ್ನ ಪ್ಯಾರಿಸ್‌ನಲ್ಲಿ ಒಂದು ಫಿರಂಗಿ ನೋಡಿ

ಮೊದಲ ಮಹಾಯುದ್ಧದ ರಣರಂಗ ನೋಡಬೇಕೆಂದು ಪ್ಯಾರಿಸ್‌ನಿಂದ ನೇರ ವರ್ಡನ್ ಕಡೆಗೆ ಹೊರಡುವವರೇ ಹೆಚ್ಚು. ನನ್ನ ಮಾತು ಕೇಳುವುದಾದರೆ ಅರ್ಧ ದಿನ ಪ್ಯಾರಿಸ್‌ನಲ್ಲೇ ನಿಲ್ಲಿ, ಇನ್ವಾಲಿಡ್ಸ್‌ನ ಸೇನಾ ಮ್ಯೂಸಿಯಂಗೆ ಹೋಗಿ. ಅಲ್ಲಿಗೆ ಬರುವ ಬಹುತೇಕರು ನೆಪೋಲಿಯನ್ ಸಮಾಧಿಯ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಮಹಾಯುದ್ಧದ ವಿಭಾಗಕ್ಕೆ ಹೋಗಿ, ಫ್ರೆಂಚರ 1897ರ ಮಾದರಿಯ 75 ಮಿ.ಮೀ. (ನಳಿಗೆಯ ಒಳ ಅಗಲ) ಫಿರಂಗಿಯ ಸುತ್ತ ಒಂದು ಸುತ್ತು ಬನ್ನಿ.

ಅದಕ್ಕಿಂತ ಹಿಂದಿನ ಫಿರಂಗಿಗಳು ಗುಂಡು ಹಾರಿದ ಕೂಡಲೇ ಗಾಲಿ ಸಮೇತ ಹಿಂದಕ್ಕೆ ನೆಗೆಯುತ್ತಿದ್ದವು. ಪ್ರತಿ ಸಲವೂ ತಳ್ಳಿ ತಂದು ಮತ್ತೆ ಗುರಿ ಹಿಡಿಯಬೇಕಿತ್ತು. ಇದರಲ್ಲಿ ಹಾಗಲ್ಲ: ನಳಿಗೆ ಮಾತ್ರ ಒಂದು ಮೀಟರಿಗೂ ಹೆಚ್ಚು ಹಿಂದೆ ಜಾರುತ್ತದೆ, ಕೆಳಗಿನ ಸಿಲಿಂಡರುಗಳ ಎಣ್ಣೆ ಮತ್ತು ಒತ್ತಿಟ್ಟ ಗಾಳಿ ಆ ಹೊಡೆತವನ್ನು ನುಂಗಿ ನಳಿಗೆಯನ್ನು ವಾಪಸ್ ತಳ್ಳುತ್ತವೆ. ಬೈಕಿನ ಶಾಕ್ ಅಬ್ಸಾರ್ಬರ್ ಕೆಲಸವೇ, ಅಳತೆ ದೊಡ್ಡದು ಅಷ್ಟೇ. ನಳಿಗೆಯ ಅಕ್ಕಪಕ್ಕ ಎರಡು ಪುಟ್ಟ ಆಸನಗಳಿವೆ ನೋಡಿ. ಫಿರಂಗಿ ಸಿಡಿಯುತ್ತಿದ್ದರೂ ಇಬ್ಬರು ಅಲ್ಲಿ ಕೂತೇ ಇರುತ್ತಿದ್ದರು! ನಿಮಿಷಕ್ಕೆ 15 ಗುಂಡು ಲೀಲಾಜಾಲ. 1896ರಲ್ಲಷ್ಟೇ ಹೊಸ 77 ಮಿ.ಮೀ. ಫಿರಂಗಿ ತಂದಿದ್ದ ಜರ್ಮನ್ನರು ಕೆಲವೇ ವರ್ಷಗಳಲ್ಲಿ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಬ್ರಿಟಿಷರ ಇದೇ ಬಗೆಯ ಫಿರಂಗಿ, 18 ಪೌಂಡರ್, 1904ರಲ್ಲಿ ಬಂತು.

ಹೊರಡುವ ಮುಂಚೆ ನಳಿಗೆ ಎಷ್ಟು ಮೇಲೇಳಬಹುದು ಎಂದು ಗಮನಿಸಿ. ಸುಮಾರು 18 ಡಿಗ್ರಿ, ಅಷ್ಟೇ. ಬಯಲಿನಲ್ಲಿ ಮುನ್ನುಗ್ಗುವ ಸೈನ್ಯಕ್ಕೆ ಇದಕ್ಕಿಂತ ಒಳ್ಳೆಯ ಫಿರಂಗಿ ಇರಲಿಲ್ಲ. ಆದರೆ ದಿಬ್ಬದ ಆಚೆ ಕೊರಕಲಿನಲ್ಲಿ ಅಡಗಿದವನನ್ನು ಹೊಡೆಯಲು ಗುಂಡು ಎತ್ತರಕ್ಕೆ ಹೋಗಿ ತಲೆಯ ಮೇಲೆ ಬೀಳಬೇಕು. ಅದು ಹೊವಿಟ್ಜರ್ ಕೆಲಸ. ಜರ್ಮನ್ನರು 1914ರಲ್ಲೇ ಪ್ರತಿ ಸೇನಾದಳದ ಜೊತೆ 150 ಮಿ.ಮೀ. ಹೊವಿಟ್ಜರುಗಳನ್ನು ತಂದಿದ್ದರು. ಫ್ರೆಂಚರು 75ನ್ನೇ ನೆಚ್ಚಿಕೊಂಡು ಕೂತಿದ್ದರು.

ಈ ಮಾತು ಅರ್ಥವಾಗುವುದು ವರ್ಡನ್‌ನಲ್ಲಿ. ಪ್ಯಾರಿಸ್‌ನ ಗಾರ್ ದೆ ಲೆಸ್ಟ್ ನಿಲ್ದಾಣದಿಂದ ಮ್ಯೂಸ್ ಟಿಜಿವಿ (ಅತಿವೇಗದ ರೈಲು) ನಿಲ್ದಾಣಕ್ಕೆ ಸುಮಾರು ಒಂದು ಗಂಟೆ, ಅಲ್ಲಿಂದ ಊರಿಗೆ ಬಸ್ಸು. ರಣರಂಗ ಊರಿನ ಹೊರಗೆ ಗುಡ್ಡಗಳ ಮೇಲಿದೆ, ಕಾರು ಬಾಡಿಗೆಗೆ ಹಿಡಿಯುವುದೇ ವಾಸಿ. ಮೆಮೋರಿಯಲ್ ಮ್ಯೂಸಿಯಂ ನೋಡಿಕೊಂಡು ಪಕ್ಕದ ಫ್ಲೂರಿಗೆ ನಡೆದೇ ಹೋಗಿ. ಅದು ಊರಾಗಿತ್ತು, ಈಗ ಬರೀ ಗುಂಡಿ. ಇಲ್ಲಿ ಬೇಕರಿ, ಇಲ್ಲಿ ರೈತನ ಮನೆ ಎಂದು ಗುರುತಿನ ಕಂಬ ನೆಟ್ಟಿದ್ದಾರೆ. ಮರಗಳ ನಡುವೆ ನೆಲ ಏರಿಳಿಯುವುದನ್ನು ನೋಡಿದರೆ ಚಪ್ಪಟೆಯಾಗಿ ಹಾರುವ ಗುಂಡಿನಿಂದ ಇಲ್ಲಿ ಏನೇನು ತಪ್ಪಿಸಿಕೊಳ್ಳುತ್ತಿತ್ತು ಎಂದು ಯಾರೂ ವಿವರಿಸಬೇಕಿಲ್ಲ. 1916ರ ಫೆಬ್ರವರಿ 21ರ ಬೆಳಿಗ್ಗೆ ಜರ್ಮನ್ನರು ಇಲ್ಲಿ ಸುಮಾರು 1,200 ಫಿರಂಗಿಗಳಿಂದ ದಾಳಿ ಶುರು ಮಾಡಿದರು. ಫ್ರೆಂಚರು 1877ರ ಕಾಲದ ಹಳೇ 155 ಮಿ.ಮೀ. ಫಿರಂಗಿಗಳನ್ನೂ ಹೊರತೆಗೆಯಬೇಕಾಯಿತು. ಅವು ಹಿಂದಕ್ಕೆ ನೆಗೆಯುವ ಜಾತಿಯವು!

ದೂಅಮೋಂ ಕೋಟೆಗೆ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಗೋಡೆ ತೊಟ್ಟಿಕ್ಕುತ್ತದೆ, ನೆಲ ಜಾರುತ್ತದೆ, ಮೊಣಕಾಲು ನೋವಿನ ಹಿರಿಯರಿದ್ದರೆ ಯೋಚಿಸಿ. ಒಳಗೆ 155 ಮಿ.ಮೀ. ತಿರುಗು ಗೋಪುರದ ಯಂತ್ರ ತಪ್ಪಿಸಿಕೊಳ್ಳಬೇಡಿ: ಭಾರದ ಸಮತೂಕದಿಂದ ಇಡೀ ಉಕ್ಕಿನ ಗುಮ್ಮಟ ಮೇಲೆದ್ದು, ಗುಂಡು ಹಾರಿಸಿ, ಮತ್ತೆ ಕೆಳಗಿಳಿಯುತ್ತಿತ್ತು. 1914ರಲ್ಲಿ ಬೆಲ್ಜಿಯಂ ಕೋಟೆಗಳು ಪುಡಿಯಾದದ್ದು ಕಂಡ ಫ್ರೆಂಚರು ಕೋಟೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು, 1915ರಲ್ಲಿ ಇಲ್ಲಿಂದ ತೆಗೆಯಲು ಸಾಧ್ಯವಿದ್ದ ಫಿರಂಗಿಗಳನ್ನು ಒಯ್ದಿದ್ದರು. 1916ರ ಫೆಬ್ರವರಿ 25ರಂದು ಬೆರಳೆಣಿಕೆಯ ಜರ್ಮನ್ನರು ಒಳನುಗ್ಗಿದಾಗ ಕಾವಲಿಗಿದ್ದವರು 60 ಮಂದಿಯಷ್ಟೇ.

ಕಾಡಿನಲ್ಲಿ ದಾರಿ ಬಿಟ್ಟು ಕದಲಬೇಡಿ, ತುಕ್ಕು ಹಿಡಿದ ಕಬ್ಬಿಣ ಕಂಡರೆ ಮುಟ್ಟಬೇಡಿ. ಸಿಡಿಯದ ಶೆಲ್ಲುಗಳು ಈಗಲೂ ಸಿಗುತ್ತವೆ. ಚಳಿಗಾಲದಲ್ಲಿ ಕೆಲವು ಕಡೆ ವಾರಗಟ್ಟಲೆ ಬಾಗಿಲು ಹಾಕುತ್ತಾರೆ, ದಿನಾಂಕ ನೋಡಿಕೊಂಡೇ ಟಿಕೆಟ್ ಮಾಡಿ. ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೋಗಿ, ಗುಡ್ಡದ ಮೇಲೆ ಅಂಗಡಿ ಹುಡುಕುತ್ತಾ ಕೂರಬೇಡಿ.

ನಮ್ಮ ದೇಶದ ಸೈನಿಕರ ನೆಲ ನೋಡಬೇಕಿದ್ದರೆ ಅದು ಇಲ್ಲಲ್ಲ, ಉತ್ತರ ಫ್ರಾನ್ಸಿನ ಲೀಲ್ ನಗರದ ಕಡೆಯ ನ್ಯೂವ್ ಶಾಪೆಲ್‌ನಲ್ಲಿ. 1915ರ ಮಾರ್ಚ್ 10ರಂದು 35 ನಿಮಿಷ ಫಿರಂಗಿ ಗುಂಡು ಸುರಿಸಿದ ಮೇಲೆ ಬ್ರಿಟಿಷ್ ಭಾರತೀಯ ಸೇನೆಯ ಮೀರತ್ ಡಿವಿಷನ್ ಮುನ್ನುಗ್ಗಿದ್ದು ಅಲ್ಲೇ. 4,700ಕ್ಕೂ ಹೆಚ್ಚು ಭಾರತೀಯರ ಹೆಸರಿರುವ ಸ್ಮಾರಕ ರಸ್ತೆ ಬದಿಯಲ್ಲೇ ಇದೆ. ವರ್ಡನ್ ಜೊತೆ ಒಂದೇ ದಿನಕ್ಕೆ ಸೇರಿಸಲು ಹೋಗಬೇಡಿ, ಎರಡೂ ಫ್ರಾನ್ಸಿನ ಬೇರೆ ಬೇರೆ ಮೂಲೆ.