ಸಮುದ್ರದ ನೊರೆ

ಬೆಳಿಗ್ಗೆ ಬಳ್ಳಾರಿಯಲ್ಲಿ ಗೆಳೆಯ ತಾತನ ಟ್ರಂಕಿನಿಂದ ತಂಬಾಕು ಸೇದುವ ಹಳೇ ಪೈಪ್ ಒಂದನ್ನು ತೆಗೆದು ನನ್ನ ಕೈಗಿಟ್ಟ. ಮೀರ್‌ಶಾಮ್ ಅನ್ನುವ ಕಲ್ಲಿನದು. ಜರ್ಮನ್ ಮಾತಿನಲ್ಲಿ ಹಾಗಂದರೆ ಸಮುದ್ರದ ನೊರೆ. ನಿಜವಾಗಲೂ ಅಷ್ಟೇ ಹಗುರ!

ಟರ್ಕಿಯ ಎಸ್ಕಿಶೆಹಿರ್ ಕಡೆ ನೆಲದಿಂದ ತೆಗೆಯುವ ಬಿಳಿ ಕಲ್ಲು. ಒದ್ದೆ ಇದ್ದಾಗ ಮೆತ್ತಗಿರುತ್ತದೆ, ಆಗಲೇ ಕೆತ್ತಬೇಕು.

ಇದರಲ್ಲಿ ಪೇಟ ಸುತ್ತಿದ ಮುದುಕನ ಮುಖ. ಗಡ್ಡದ ಎಳೆ ಎಳೆಯೂ ಬೇರೆ ಬೇರೆ. ಪೇಟದ ಮಡಿಕೆಯೊಳಗೆ ನನ್ನ ಉಗುರೂ ಹೋಗಲಿಲ್ಲ, ಅಲ್ಲೂ ಕೆತ್ತನೆ ಇದೆ! ಸೇದಿ ಸೇದಿ ಕುತ್ತಿಗೆಗೆ ಜೇನಿನ ಬಣ್ಣ ಬಂದಿದೆ. ಹಣೆ ಮಾತ್ರ ಇನ್ನೂ ಕೆನೆ ಬಿಳಿ.

ನನಗೆ ತಂಬಾಕಿನ ವಾಸನೆ ಆಗುವುದಿಲ್ಲ. ಆದರೂ ಕೆಳಗಿಡಲು ಮನಸ್ಸೇ ಬರಲಿಲ್ಲ.

ಕೊಪ್ಪಳದ ಕಡೆ ಹೋದಾಗ ಕಿನ್ನಾಳದ ಗೊಂಬೆ ಮಾಡುವವರಿಗೆ ಇದರ ಫೋಟೋ ತೋರಿಸಬೇಕು. ಆ ಗಡ್ಡ ನೋಡಿ ಏನು ಹೇಳುತ್ತಾರೋ.