ನೀನು ಲ್ಯಾಟಿನಾ ಅಲ್ಲವಲ್ಲ, ಆ ಸಂಘದಲ್ಲಿ ನಿನಗೇನು ಕೆಲಸ?

ಲ್ಯಾಟಿನಾ ಎಂದರೆ ಲ್ಯಾಟಿನ್ ಅಮೆರಿಕ ಮೂಲದ ಹೆಣ್ಣು. ಅಮೆರಿಕದಲ್ಲಿ ಕಾಲೇಜು ಓದುವಾಗ ನಾನು ಅಂಥವರ ಸಂಘವೊಂದಕ್ಕೆ, ಅಂದರೆ ಸೊರೊರಿಟಿಗೆ, ಸೇರಿದ್ದೆ. ಈ ಪ್ರಶ್ನೆಯನ್ನು ಕಲಬುರಗಿಯ ಸೋದರತ್ತೆ ಕೇಳಿದ್ದಾರೆ, ನ್ಯೂಜೆರ್ಸಿಯ ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೇಳಿದ್ದಾರೆ. ಅಮೆರಿಕದ ಕಾಲೇಜುಗಳಿಗೆ ಹೊರಟು ನಿಂತ ಹುಡುಗಿಯರು ಅದನ್ನೇ ಬೇರೆ ದನಿಯಲ್ಲಿ ಕೇಳುತ್ತಾರೆ: "ಅಕ್ಕಾ, ನಮ್ಮಂಥವರನ್ನೂ ಅವರು ಸೇರಿಸಿಕೊಳ್ಳುತ್ತಾರೆಯೇ?" ಸೇರಿಸಿಕೊಳ್ಳುತ್ತಾರೆ. ನನ್ನನ್ನು ಸೇರಿಸಿಕೊಂಡರು.

ಸೊರೊರಿಟಿ ಎಂದರೆ ಅಲ್ಲಿನ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಕಟ್ಟಿಕೊಳ್ಳುವ ಸೋದರಿ ಸಂಘ. ಹೆಸರು ಗ್ರೀಕ್ ಅಕ್ಷರಗಳಲ್ಲಿರುತ್ತದೆ, ಸದಸ್ಯತ್ವ ಜೀವನಪೂರ್ತಿ ಉಳಿಯುತ್ತದೆ. ಸಿನಿಮಾಗಳಲ್ಲಿ ಕಾಣುವ ದೊಡ್ಡ ಬಂಗಲೆ, ರಾತ್ರಿಯ ಪಾರ್ಟಿಗಳನ್ನು ನೆನೆಸಿಕೊಂಡೇ ನಮ್ಮವರು ಹುಬ್ಬೇರಿಸುತ್ತಾರೆ. ಲ್ಯಾಟಿನಾ ಸಂಘಗಳ ಹುಟ್ಟು ಬೇರೆಯೇ. 1975ರಲ್ಲಿ ನ್ಯೂಜೆರ್ಸಿಯ ಕೀನ್ ಕಾಲೇಜಿನಲ್ಲಿ 17 ಮಂದಿ ವಿದ್ಯಾರ್ಥಿನಿಯರು ಲ್ಯಾಂಬ್ಡಾ ಥೀಟಾ ಆಲ್ಫಾ ಎಂಬ ಸಂಘ ಕಟ್ಟಿದರು. ಇಡೀ ದೇಶದಲ್ಲಿ ಅದೇ ಮೊದಲನೆಯದು. 1980ರಲ್ಲಿ ಅದೇ ರಾಜ್ಯದ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಕೈ ಅಪ್ಸಿಲಾನ್ ಸಿಗ್ಮಾ, 1990ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಲ್ಯಾಂಬ್ಡಾ ಗ್ಯಾಮಾ ಹುಟ್ಟಿದವು. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯರಿಗೆ ಫಾರ್ಮ್ ತುಂಬುವುದರಿಂದ ಹಿಡಿದು ಎಲ್ಲದಕ್ಕೂ ಒಬ್ಬ ಅಕ್ಕ ಬೇಕಿತ್ತು. ಇವುಗಳ ಬಾಗಿಲು ಬೇರೆಯವರಿಗೂ ತೆರೆದಿದೆ. ನಾನು ಸೇರಿದ್ದು ಇಂಥದ್ದೇ ಇನ್ನೊಂದು ಸಂಘಕ್ಕೆ. ಅದಕ್ಕೆ ಬಂಗಲೆ ಇರಲಿಲ್ಲ. ವಿದ್ಯಾರ್ಥಿ ಭವನದ ಎರಡನೇ ಮಹಡಿಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು, ಅಷ್ಟೇ.

ಪಿಯುಸಿ ಮುಗಿದ ವರ್ಷ ಅಪ್ಪನ ಕೆಲಸದ ದೆಸೆಯಿಂದ ನಾವು ಅಲ್ಲಿಗೆ ಹೋದೆವು. ನಾನು ಮನೆಯಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದೆ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕತ್ತಲಾಗುವುದರೊಳಗೆ ಮನೆಯಲ್ಲಿರಬೇಕು ಎನ್ನುವುದು ಅವ್ವನ ಕಟ್ಟಪ್ಪಣೆ. ಲೆಕ್ಕಶಾಸ್ತ್ರದ ತರಗತಿಯಲ್ಲಿ ಪಕ್ಕಕ್ಕೆ ಕೂರುತ್ತಿದ್ದ ಡೊಮಿನಿಕನ್ ಹುಡುಗಿ ಒಂದು ದಿನ ತನ್ನ ಸಂಘದ ಓದುಕೂಟಕ್ಕೆ ಕರೆದಳು. ರಾತ್ರಿ ಒಂಬತ್ತರವರೆಗೆ ಇರುತ್ತದೆ, ನನಗೆ ಆಗುವುದಿಲ್ಲ ಎಂದೆ. ಏಕೆ ಎಂದು ಅವಳು ಕೇಳಲೇ ಇಲ್ಲ. "ಅಮ್ಮನನ್ನು ಯಾವಾಗ ಬಂದು ನೋಡಲಿ?" ಎಂದಳು.

ಆ ಭಾನುವಾರ ಇಬ್ಬರು ಮನೆಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರು ಒಂದೊಂದೇ ಮಾತು ಬಿಡಿಸಿ ಹೇಳಿದರು: ಎಲ್ಲಿ ಕೂರುತ್ತೇವೆ, ಎಷ್ಟು ಹೊತ್ತಿಗೆ ಏಳುತ್ತೇವೆ, ಯಾರ ಕಾರಿನಲ್ಲಿ ಕರೆತಂದು ಬಿಡುತ್ತೇವೆ. ಒಬ್ಬಳು ತನ್ನ ತಾಯಿಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅವ್ವನ ಕೈಗಿಟ್ಟಳು. ಆ ಚೀಟಿ ಬಹಳ ದಿನ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿತ್ತು. ಅವರು ಹೋದ ಮೇಲೆ ಅವ್ವ, "ಇವರ ಮನೆಯಲ್ಲೂ ನನ್ನಂಥವಳೇ ಇದ್ದಾಳೆ" ಎಂದಳು.

ನನ್ನ ಉತ್ತರ ಇರುವುದೇ ಇಲ್ಲಿ. ನನಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಅವರ ಕುಣಿತ ಬರುತ್ತಿರಲಿಲ್ಲ, ಅವರ ದೇವರು ಬೇರೆ. ಆದರೆ ನನ್ನಿಂದ ಆಡಲಾಗದ ಮಾತನ್ನು ನನ್ನ ಮನೆಗೆ ಬಂದು ಆಡಿದವರು ಅವರು. ಸ್ಪ್ಯಾನಿಷ್‌ನಲ್ಲಿ ಸೋದರಿಗೆ 'ಎರ್ಮಾನಾ' ಎನ್ನುತ್ತಾರೆ. ಆ ಪದದ ಅರ್ಥವನ್ನು ನಾನು ಆ ಭಾನುವಾರವೇ ಕಲಿತೆ. ಸಂಘಕ್ಕೆ ಸೇರಿದ್ದು ಅದಾಗಿ ಒಂದು ವರ್ಷಕ್ಕೆ.

ಸೇರಿದ ಮೇಲೆ ಸಾಲ ತೀರಿಸುವ ಸರದಿ ಬಂತು. ಹೊಸದಾಗಿ ಬಂದ ಪೋರ್ಟೊರಿಕನ್ ಹುಡುಗಿಯೊಬ್ಬಳನ್ನು ಎರಡು ದಿನದ ವಿದ್ಯಾರ್ಥಿ ಸಮ್ಮೇಳನಕ್ಕೆ ಕಳಿಸಲು ಅವಳ ತಾಯಿ ಒಪ್ಪುತ್ತಿರಲಿಲ್ಲ. ಮಾತನಾಡಲು ನಾನೇ ಹೋಗಬೇಕೆಂದು ಅಕ್ಕಂದಿರು ತೀರ್ಮಾನಿಸಿದರು. ಪರ್ತ್ ಅಂಬಾಯ್ ಊರಿನ ಒಂದು ಚಿಕ್ಕ ಅಡುಗೆಮನೆ. ಆ ತಾಯಿ ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿಯಂಥದೊಂದು ಸೊಪ್ಪು ಅರೆದ ಮಸಾಲೆ ಬಾಡಿಸುತ್ತಿದ್ದರು. ಡಬ್ಬಿಯೊಂದನ್ನು ತೆರೆದು ಹಸಿರು ಕಾಳು ಸುರಿದರು. ಗಾಂದೂಲೆಸ್ ಎಂದರು. ನಾನು ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿದೆ, ಬಾಯಿಗೆ ಹಾಕಿಕೊಂಡೆ. ತೊಗರಿ! ಚಳಿಗಾಲದಲ್ಲಿ ನಮ್ಮೂರಲ್ಲಿ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಲಿದು ತಿನ್ನುತ್ತೇವಲ್ಲ, ಅದೇ ರುಚಿ. ತೊಗರಿಯ ತವರು ಭಾರತ. ಅದು ಆಫ್ರಿಕಕ್ಕೆ ಹೋಗಿ, ಅಲ್ಲಿಂದ ಗುಲಾಮರನ್ನು ಸಾಗಿಸಿದ ಕಾಲದಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿತು. ಎಷ್ಟು ಜನರ ಕಣ್ಣೀರಿನ ದಾರಿ ಹಿಡಿದು ಆ ಕಾಳು ಅಲ್ಲಿಗೆ ಬಂತೆಂದು ಆಮೇಲೆ ಓದಿ ತಿಳಿದೆ.

ನಾನು ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ನಮ್ಮೂರು ತೊಗರಿಯ ಕಣಜ ಎಂದೆ. ಅವರು ನಕ್ಕು ತಟ್ಟೆ ಮುಂದಿಟ್ಟರು. ಪಾತ್ರೆಯ ತಳ ಹಿಡಿದ ಗರಿಗರಿ ಅನ್ನವನ್ನು ಕೆರೆದು ಮೊದಲು ನನಗೇ ಬಡಿಸಿದರು. ಪೋರ್ಟೊರಿಕೊದವರು ಅದನ್ನು ಪೆಗಾವ್ ಎನ್ನುತ್ತಾರೆ, ಡೊಮಿನಿಕನ್ನರು ಕೊಂಕೋನ್ ಎನ್ನುತ್ತಾರೆ. ಯಾರದ್ದು ರುಚಿ ಎಂಬ ಜಗಳ ನಮ್ಮ ಸಂಘದಲ್ಲಿ ವರ್ಷವಿಡೀ ನಡೆಯುತ್ತಿತ್ತು. ಲ್ಯಾಟಿನಾ ಎಂಬ ಒಂದೇ ಪದದೊಳಗೆ ಎಷ್ಟು ದೇಶ, ಎಷ್ಟು ಬಣ್ಣ, ಎಷ್ಟು ಬಗೆಯ ಸ್ಪ್ಯಾನಿಷ್ ಇದೆ ಎಂಬುದು ನನಗೆ ತಿಳಿದದ್ದು ಆ ಜಗಳಗಳಿಂದ. ಊಟವಾದ ಮೇಲೆ ಸಮ್ಮೇಳನದ ಮಾತು ಎತ್ತಿದೆ. ನನ್ನ ಅವ್ವನ ಕತೆ ಹೇಳಿದೆ, ಅವ್ವನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮಗಳು ಸಮ್ಮೇಳನಕ್ಕೆ ಬಂದಳು.

ಬಾಯಿ ಬಿಡದ ಹುಡುಗಿ ಹೀಗೆ ಮಾತು ಕಲಿತಳು. ಮುಂದಿನ ವರ್ಷ ನನ್ನನ್ನು ಖಜಾಂಚಿ ಮಾಡಿದರು. ಚಂದಾ ಬಾಕಿ ಉಳಿಸಿಕೊಂಡ ಗೆಳತಿಯನ್ನು ಪಕ್ಕಕ್ಕೆ ಕರೆದು, ಅವಳಿಗೆ ನೋವಾಗದ ಹಾಗೆ, ಲೆಕ್ಕವೂ ತಪ್ಪದ ಹಾಗೆ ಕೇಳುವುದು ನನ್ನ ಪಾಲಿಗೆ ಬಂತು. ಇಂದು ಕಚೇರಿಯಲ್ಲಿ ನಾನು ಆಡುವ ಎಷ್ಟೋ ಕಷ್ಟದ ಮಾತುಗಳನ್ನು ಆ ಕಪಾಟಿನ ಮುಂದೆ ನಿಂತೇ ಕಲಿತದ್ದು.

"ನಮ್ಮವರದ್ದೇ ಇರಲಿಲ್ಲವೇ?" ಎಂದೂ ಕೇಳುತ್ತಾರೆ. ಇವೆ. 1998ರಲ್ಲಿ ಟೆಕ್ಸಸ್‌ನಲ್ಲಿ ದಕ್ಷಿಣ ಏಷ್ಯಾದ ಹುಡುಗಿಯರು ಕಪ್ಪಾ ಫೈ ಗ್ಯಾಮಾ ಕಟ್ಟಿದರು. ನನ್ನ ಕಾಲೇಜಿನಲ್ಲಿ ಅಂಥದ್ದು ಇರಲಿಲ್ಲ. ಇದ್ದಿದ್ದರೂ ನನ್ನ ಮನೆಗೆ ಬಂದವರು ಇವರೇ. ಹಾಗೆಂದು ನಾನು ಲ್ಯಾಟಿನಾ ಎಂದು ಎಂದೂ ಹೇಳಿಕೊಂಡಿಲ್ಲ, ಹೇಳಿಕೊಳ್ಳಲೂ ಬಾರದು. ಪದವಿ ಸಮಾರಂಭದಲ್ಲಿ ಸಂಘದ ಅಕ್ಷರಗಳಿದ್ದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡೆ. ಅವರ ದೇಶಗಳ ಬಾವುಟಗಳಿದ್ದ ಪಟ್ಟಿ ಅವರ ತಾಯಂದಿರ ದುಡಿಮೆಯದು, ಅದು ಅವರ ಹೆಗಲ ಮೇಲೆಯೇ ಚೆಂದ.

ಸೇರಬೇಕೆನ್ನುವ ಹುಡುಗಿಯರೇ, ಮೊದಲು ಖರ್ಚೆಷ್ಟು, ಸಮಯವೆಷ್ಟು ಎಂದು ನೇರವಾಗಿ ಕೇಳಿ. ಹೊಸಬರನ್ನು ಪೀಡಿಸುವುದು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಅಪರಾಧ. ಅಂಥದ್ದರ ಸುಳಿವು ಸಿಕ್ಕರೂ ಎದ್ದು ಬನ್ನಿ. ಅವರು ನಿಮ್ಮ ಮನೆಯವರ ಮುಂದೆ ಕೂತು ಮಾತನಾಡಲು ಸಿದ್ಧರಿದ್ದಾರೆಯೇ, ಅದನ್ನು ನೋಡಿ.

ಮೊನ್ನೆ ಕಾಲೇಜಿನಿಂದ ಫೋನ್ ಬಂದಿತ್ತು. ನಾನು ಮುಖ ನೋಡಿರದ, ಸಂಘದ ತಂಗಿಯೊಬ್ಬಳು. ಒಹಾಯೊದಲ್ಲಿ ಎಂ.ಎ.ಗೆ ಸೀಟು ಸಿಕ್ಕಿದೆ, ದೂರದ ಊರಿಗೆ ಕಳಿಸಲು ಅಪ್ಪ ಒಪ್ಪುತ್ತಿಲ್ಲ, ಬಂದು ಮಾತನಾಡುತ್ತೀರಾ ಎಂದಳು. ಶನಿವಾರ ಹೋಗುತ್ತಿದ್ದೇನೆ. ಬರಿಗೈಯಲ್ಲಿ ಹೋಗಬೇಡ, ಹೋಳಿಗೆ ಕಟ್ಟಿಕೊಡುತ್ತೇನೆ ಎಂದಿದ್ದಾಳೆ ಅವ್ವ. ಹೂರಣಕ್ಕೆ ತೊಗರಿಬೇಳೆ ನೆನೆಹಾಕಿದ್ದಾಳೆ.